ಗೂಡುದೀಪಕ್ಕೆ ಅಂಟು, ಬಿಸ್ಕತ್ತಿಗೆ ಬೆಣ್ಣೆ

ದೀಪಾವಳಿಗೆ ಮುಂಚಿನ ಶನಿವಾರ, ಭಾನುವಾರ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬಾರದೆಂದು ನಮ್ಮ ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ಶನಿವಾರ ಗೂಡುದೀಪ, ಭಾನುವಾರ ಖಾರಾ ಬಿಸ್ಕತ್ತು. ನಾನು ಉಡುಪಿ ಕಡೆಯವಳು, ಮದುವೆಯಾಗಿ ಬಂದದ್ದು ಮೈಸೂರಿಗೆ. ಅತ್ತೆಯ ತವರು ಹಾಸನ ಜಿಲ್ಲೆ. ಹಾಗಾಗಿ ಗೂಡುದೀಪದ ಹೊಣೆ ನನ್ನದು, ಬಿಸ್ಕತ್ತಿನದು ಅತ್ತೆಯವರದು. ನಾಲ್ಕನೇ ತರಗತಿಯಲ್ಲಿರುವ ಮಗಳು ಎರಡೂ ಕಡೆ ಕೈಯಾಡಿಸುವವಳು.

ಅಂಗಡಿಗೆ ಹೋದರೆ ಮಡಚಿಟ್ಟ ಪ್ಲಾಸ್ಟಿಕ್ ಆಕಾಶಬುಟ್ಟಿ ಸಿಗುತ್ತದೆ, ಬಿಚ್ಚಿ ತೂಗುಹಾಕಿದರೆ ಮುಗಿಯಿತು. ನಾವೇ ಮಾಡಬೇಕೆಂದರೆ ಅದಕ್ಕೂ ಡಬ್ಬಿಗಳಿವೆ. ಅಳತೆಗೆ ಕತ್ತರಿಸಿದ ಕಾಗದ, ಒಂದೇ ಉದ್ದದ ಕಡ್ಡಿ, ಅಂಟಿನ ಟ್ಯೂಬು, ಎಲ್ಲಿ ಏನು ಅಂಟಿಸಬೇಕೆಂಬ ಚಿತ್ರ. ಹುಟ್ಟುಹಬ್ಬಕ್ಕೆ ಬಂದಿದ್ದ ಅಂಥ ಒಂದು ಡಬ್ಬಿಯನ್ನು ಮಗಳು ಅರ್ಧ ಗಂಟೆಯಲ್ಲಿ ಮುಗಿಸಿ ಬದಿಗಿಟ್ಟಿದ್ದಳು. ಮತ್ತೆ ಅದರ ಮಾತೇ ಎತ್ತಲಿಲ್ಲ. ಕೈಕೆಲಸದಲ್ಲಿ ಸಾಮಗ್ರಿಯನ್ನು ಹದ ಮಾಡಿಕೊಳ್ಳುವುದೇ ಮುಕ್ಕಾಲು ಪಾಲು ಎಂದು ನಾನು ನಂಬಿದ್ದೇನೆ. ಕಡ್ಡಿ ಸೀಳುವುದು, ಅಂಟು ಕಾಯಿಸುವುದು, ಯಾವ ಕಾಗದ ಯಾವ ಕಡೆಗೆ ಹರಿಯುತ್ತದೆಂದು ನೋಡುವುದು, ಬೆಣ್ಣೆಯ ನೀರು ಹಿಂಡುವುದು. ಆ ಪಾಲನ್ನು ಕಾರ್ಖಾನೆ ಮಾಡಿಕೊಟ್ಟುಬಿಟ್ಟರೆ ಮಗುವಿಗೆ ಉಳಿಯುವುದು ಜೋಡಣೆ ಮಾತ್ರ. ಆದ್ದರಿಂದ ಈ ಸಲ ಬಿದಿರಿನಿಂದಲೇ ಶುರು ಮಾಡೋಣವೆಂದು ಹಟ ಹಿಡಿದೆ.

ಶುಕ್ರವಾರ ಸಂಜೆ ಬಂಬೂ ಬಜಾರಿಗೆ ಹೋದೆವು. ಮೈಸೂರಿನಲ್ಲಿ ಏಣಿ, ಬುಟ್ಟಿ, ಮೊರ, ತಟ್ಟಿ ಏನು ಬೇಕಾದರೂ ಜನ ಹೋಗುವುದು ಅಲ್ಲಿಗೇ. ಮೇದರ ಕುಟುಂಬಗಳು ರಸ್ತೆ ಬದಿಯಲ್ಲೇ ಕುಳಿತು ಹೆಣೆಯುತ್ತಿರುತ್ತವೆ. ಗೂಡುದೀಪಕ್ಕೆಂದು ಹೇಳಿದಾಗ ಅಲ್ಲಿದ್ದ ಹಿರಿಯರೊಬ್ಬರು ನಾನು ಆರಿಸಿದ್ದ ಬಿದಿರನ್ನು ಬದಿಗೆ ಸರಿಸಿ ಬೇರೊಂದನ್ನು ಎಳೆದು ಕೊಟ್ಟರು. “ಅದು ತೀರ ಒಣಗಿದೆ ತಾಯಿ. ಸೀಳುವಾಗ ಓರೆಗೆ ಓಡಿಬಿಡುತ್ತದೆ. ಇದರಲ್ಲಿ ಗಿಣ್ಣು ದೂರ ದೂರ ಇವೆ, ಮಗುವಿಗೂ ಸುಲಭ,” ಎಂದರು. ದುಡ್ಡು ಕೊಟ್ಟು ಹೊರಡುವಾಗ ಒಂದು ತುಂಡನ್ನು ತಾವೇ ಸೀಳಿ ತೋರಿಸಿದರು. ಕತ್ತಿಯನ್ನು ತುದಿಯಲ್ಲಿಟ್ಟು ಒಂದು ಪೆಟ್ಟು. ಆಮೇಲೆ ಕತ್ತಿಯ ಕೆಲಸ ಕಡಿಮೆ, ಎರಡೂ ಕೈಗಳ ಕೆಲಸವೇ ಹೆಚ್ಚು. ಸೀಳು ಒಂದು ಪಕ್ಕಕ್ಕೆ ವಾಲತೊಡಗಿದರೆ ದಪ್ಪಗಿರುವ ಭಾಗವನ್ನು ಹೆಚ್ಚು ಬಾಗಿಸಬೇಕು. ಸೀಳು ತಾನಾಗಿ ನಡುವಿಗೆ ಮರಳುತ್ತದೆ. ಈ ಒಂದು ಗುಟ್ಟು ಗೊತ್ತಾದರೆ ಬಿದಿರು ಹೇಳಿದಂತೆ ಕೇಳುತ್ತದೆ.

ಊರಿನಲ್ಲಿ ಅಪ್ಪ ಗೂಡುದೀಪ ಮಾಡುತ್ತಿದ್ದದ್ದು ಅಡಿಕೆ ಮರದ ಸಲಾಕೆಯಿಂದ. ಅದು ನೇರ, ಗಟ್ಟಿ, ಆದರೆ ಬಾಗುವುದಿಲ್ಲ. ಬಿದಿರು ಬಾಗುತ್ತದೆ, ಹೊರಸಿಪ್ಪೆಯ ಭಾಗವಂತೂ ಮುರಿಯುವುದೇ ಇಲ್ಲ. ಒಳಗಿನ ಮೃದು ಭಾಗವನ್ನು ಹೆರೆದು ತೆಗೆದು, ಹೊರಸಿಪ್ಪೆ ಇರುವ ತೆಳು ಕಡ್ಡಿಗಳನ್ನು ಉಳಿಸಿಕೊಂಡೆವು. ಸೀಳಿದ ಬಿದಿರಿನ ಅಂಚು ಬ್ಲೇಡಿನಷ್ಟೇ ಹರಿತ. ಮಕ್ಕಳ ಕೈಗೆ ಕೊಡುವ ಮೊದಲು ಪ್ರತಿಯೊಂದನ್ನೂ ಮರಳು ಕಾಗದದಿಂದ ಉಜ್ಜಲೇಬೇಕು. ಕತ್ತಿ ನನ್ನ ಕೈಯಲ್ಲಿ, ಮರಳು ಕಾಗದ ಮಗಳ ಕೈಯಲ್ಲಿ, ಹೀಗೆ ಶನಿವಾರದ ಬೆಳಗಿನ ತಿಂಡಿಯ ತನಕ ಬರೀ ಕಡ್ಡಿಯ ಕೆಲಸವೇ ನಡೆಯಿತು.

ಕರಾವಳಿಯ ಹಳೆಯ ಮಾದರಿಯ ಗೂಡುದೀಪಕ್ಕೆ ಬೇಕಾದದ್ದು ಒಂದೇ ಉದ್ದದ 24 ಕಡ್ಡಿಗಳು. ನಾವು 20 ಸೆಂಟಿಮೀಟರಿನವು ಕತ್ತರಿಸಿಕೊಂಡೆವು. ನಾಲ್ಕು ನಾಲ್ಕು ಕಡ್ಡಿ ಸೇರಿಸಿ ದಾರದಿಂದ ಬಿಗಿದರೆ ಒಂದು ಚೌಕ. ಅಂಥ ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಅಕ್ಕಪಕ್ಕದ ಮೂಲೆಗಳನ್ನು ಒಂದಕ್ಕೊಂದು ಕಟ್ಟಿದರೆ ಬಳೆಯ ಆಕಾರ ಬರುತ್ತದೆ. ಈಗ ಮೇಲ್ಗಡೆ ನಾಲ್ಕು ತುದಿಗಳು, ಕೆಳಗಡೆ ನಾಲ್ಕು ತುದಿಗಳು ಬಿಡಿಯಾಗಿ ನಿಂತಿರುತ್ತವೆ. ಮೇಲಿನವನ್ನು ಉಳಿದ ಎಂಟು ಕಡ್ಡಿಗಳಲ್ಲಿ ನಾಲ್ಕರಿಂದ, ಕೆಳಗಿನವನ್ನು ಇನ್ನು ನಾಲ್ಕರಿಂದ ಜೋಡಿಸಿದರೆ ಗೂಡು ಸಿದ್ಧ. ಎಣಿಸಿ ನೋಡಿದರೆ ಆರು ಚೌಕ, ಎಂಟು ತ್ರಿಕೋನ. ತ್ರಿಕೋನಗಳನ್ನು ಯಾರೂ ಬೇರೆಯಾಗಿ ಕಟ್ಟುವುದಿಲ್ಲ, ಚೌಕಗಳ ನಡುವೆ ಅವು ತಾವಾಗಿಯೇ ಮೂಡುತ್ತವೆ. “ಇವು ಎಲ್ಲಿಂದ ಬಂದವು ಅಮ್ಮ?” ಎಂದು ಮಗಳು ಬೆರಳು ತೂರಿಸಿ ತೂರಿಸಿ ಎಣಿಸಿದಳು. ಅವಳ ಗಣಿತದ ಪುಸ್ತಕದಲ್ಲಿ ಚೌಕವೂ ಇದೆ, ತ್ರಿಕೋನವೂ ಇದೆ. ಒಂದರ ಪಕ್ಕದಲ್ಲಿ ಇನ್ನೊಂದು ಹುಟ್ಟುವುದನ್ನು ಮಾತ್ರ ಅವಳು ಇಲ್ಲೇ ಮೊದಲು ಕಂಡದ್ದು.

ಕಟ್ಟಿದ ಗೂಡನ್ನು ಎತ್ತಿ ಹಿಡಿದಾಗ ಅದು ಒಂದು ಪಕ್ಕಕ್ಕೆ ತಿರುಚಿಕೊಂಡು ಕುಸಿಯುತ್ತದೆ. ಹೊಸಬರಿಗೆ ಇಲ್ಲಿ ಗಾಬರಿಯಾಗುತ್ತದೆ, ದಾರ ಸಡಿಲವಾಯಿತೇನೋ ಎಂದುಕೊಂಡು ಬಿಚ್ಚಿ ಮತ್ತೆ ಕಟ್ಟುತ್ತಾರೆ. ದಾರದ್ದೇನೂ ತಪ್ಪಿಲ್ಲ. ತ್ರಿಕೋನ ತನ್ನ ಆಕಾರ ಬಿಡುವುದಿಲ್ಲ, ಆದರೆ ಮೂಲೆಗಳಲ್ಲಿ ದಾರದಿಂದ ಮಾತ್ರ ಬಿಗಿದ ಚೌಕ ವಾಲುತ್ತದೆ. ಆರು ಚೌಕಗಳಿರುವ ಈ ಗೂಡಿಗೆ ನೆಟ್ಟಗೆ ನಿಲ್ಲುವ ಶಕ್ತಿ ಕೊಡುವುದು ಕಾಗದ. ಪಕ್ಕದ ಚೌಕಗಳಿಗೆ ಕಾಗದ ಬಿಗಿಯಾಗಿ ಅಂಟಿಕೊಂಡು ಒಣಗಿದ ಮೇಲೆ ಅವು ವಾಲಲಾರವು. ಅಷ್ಟು ತೆಳ್ಳಗಿನ ಕಾಗದ, ಉಸಿರು ಬಿಟ್ಟರೆ ಹಾರುವಂಥದ್ದು, 24 ಬಿದಿರು ಕಡ್ಡಿಗಳನ್ನು ಹಿಡಿದು ನಿಲ್ಲಿಸುತ್ತದೆ! ಗೂಡುದೀಪದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಇದು. ಕಾಗದ ಅಂಟಿಸುವ ತನಕ ಆಕಾರ ತಪ್ಪದಿರಲಿ ಎಂದು ಪ್ರತಿ ಚೌಕಕ್ಕೂ ಕರ್ಣರೇಖೆಯಾಗಿ ಒಂದೊಂದು ಎಳೆ ದಾರ ಕಟ್ಟಿಟ್ಟೆವು.

ಅಂಟು ಮಾಡಿದ್ದು ಅತ್ತೆ. ಒಂದು ಪಾಲು ಮೈದಾ, ಐದು ಪಾಲು ನೀರು. ಬಿಸಿ ನೀರಿಗೆ ಮೈದಾ ಸುರಿದರೆ ಗಂಟು ಗ್ಯಾರಂಟಿ. ಮೊದಲು ತಣ್ಣೀರಿನಲ್ಲಿ ಕಲಸಿ, ಸೋಸಿ, ಆಮೇಲೆ ಸಣ್ಣ ಉರಿಯಲ್ಲಿಟ್ಟು ಬಿಡದೆ ತಿರುವಬೇಕು. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ, ಬರೀ ಬಿಳಿ ನೀರು. 60 ಡಿಗ್ರಿಯ ಆಸುಪಾಸಿಗೆ ಬಂದಾಗ ಮೈದಾದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬತೊಡಗುತ್ತವೆ, ಚಮಚಕ್ಕೆ ಇದ್ದಕ್ಕಿದ್ದಂತೆ ಭಾರ ತಟ್ಟುತ್ತದೆ. ಸುಣ್ಣದಂಥ ಬಿಳುಪು ಹೋಗಿ ಅರೆಪಾರದರ್ಶಕವಾದಾಗ ಇಳಿಸಬೇಕು. ಚಮಚದಿಂದ ಎತ್ತಿದರೆ ತುಂಡಾಗದೆ ಧಾರೆಯಾಗಿ ಇಳಿಯುವುದು ಸರಿಯಾದ ಹದ. ಪುಸ್ತಕ ಬೈಂಡು ಮಾಡುವವರು, ಗೋಡೆಗೆ ಭಿತ್ತಿಪತ್ರ ಅಂಟಿಸುವವರು ಇದಕ್ಕೆ ಮೈಲುತುತ್ತು ಬೆರೆಸುತ್ತಿದ್ದರು. ಕೊಳೆರೋಗಕ್ಕೆಂದು ಅಡಿಕೆ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದೂ ಅದೇ. ಜಿರಲೆ, ಹುಳ ಅಂಟಿನ ಹತ್ತಿರ ಸುಳಿಯುವುದಿಲ್ಲ. ಆದರೆ ಅದು ವಿಷ. ಬೆರಳು ನೆಕ್ಕುವ ಮಕ್ಕಳಿರುವ ಮನೆಯಲ್ಲಿ, ಅದೂ ಅಡುಗೆಮನೆಯಲ್ಲಿ ಮಾಡುವ ಅಂಟಿಗೆ ಬೇಡವೇ ಬೇಡ. ಎರಡು ದಿನದ ಕೆಲಸಕ್ಕೆ ಆಗುವಷ್ಟೇ ಮಾಡಿಕೊಂಡರೆ ಅಂಟು ಕೆಡುವ ಪ್ರಶ್ನೆಯೂ ಬರುವುದಿಲ್ಲ.

ಕಾಗದದ ವಿಷಯದಲ್ಲಿ ನನಗೆ ಖಚಿತ ಅಭಿಪ್ರಾಯವಿದೆ. ಗೂಡುದೀಪಕ್ಕೆ ಗಾಳಿಪಟದ ತೆಳು ಕಾಗದವೇ ಆಗಬೇಕು. ದಪ್ಪ ಕ್ರಾಫ್ಟ್ ಕಾಗದ ಹಗಲು ಚೆನ್ನಾಗಿ ಕಾಣುತ್ತದೆ, ರಾತ್ರಿ ಬೆಳಕನ್ನು ನುಂಗಿಬಿಡುತ್ತದೆ. ಮಿನುಗುವ ಹಾಳೆ ಹೊಳೆಯುತ್ತದೆಯೇ ಹೊರತು ಬೆಳಗುವುದಿಲ್ಲ. ಬಣ್ಣದಲ್ಲೂ ಹಳದಿ, ಕೇಸರಿ, ಕೆಂಪು ದೂರಕ್ಕೆ ಕಾಣುತ್ತವೆ, ಕಡುನೀಲಿ ಕತ್ತಲಲ್ಲಿ ಕತ್ತಲಾಗಿಯೇ ಉಳಿಯುತ್ತದೆ. ಮಂಗಳೂರಿನ ಕುದ್ರೋಳಿಯ ಗೂಡುದೀಪ ಸ್ಪರ್ಧೆಯಲ್ಲಿ ಕಾಳು, ಎಲೆ, ದಾರ, ಐಸ್‌ಕ್ರೀಮ್ ಕಡ್ಡಿ ಹೀಗೆ ಏನೇನರಿಂದಲೋ ಮಾಡಿದ ಗೂಡುದೀಪಗಳನ್ನು ಕಂಡು ನಾನೂ ಬೆರಗಾಗಿದ್ದೇನೆ. ಆದರೆ ಮನೆಯ ಮುಂದೆ ತೂಗುವುದಕ್ಕೆ ಹಳದಿ ಚೌಕ, ಕೆಂಪು ತ್ರಿಕೋನದ ಹಳೆಯ ಜೋಡಿಗೆ ಸಾಟಿಯಾದದ್ದನ್ನು ನಾನಿನ್ನೂ ನೋಡಿಲ್ಲ.

ಕಾಗದವನ್ನು ಚೌಕಟ್ಟಿಗಿಂತ ಅರ್ಧ ಅಂಗುಲ ದೊಡ್ಡದಾಗಿ ಕತ್ತರಿಸಿ, ಮೂಲೆಗಳನ್ನು ಸಣ್ಣದಾಗಿ ಕಚ್ಚು ಮಾಡಿಕೊಂಡೆವು. ಅಂಟನ್ನು ಹಚ್ಚಬೇಕಾದದ್ದು ಕಡ್ಡಿಗೆ, ಕಾಗದಕ್ಕಲ್ಲ. ತೆಳು ಕಾಗದಕ್ಕೆ ಒದ್ದೆ ಅಂಟು ತಾಗಿದರೆ ಹಿಗ್ಗಿ ಸುರುಳಿ ಸುತ್ತುತ್ತದೆ, ಬಣ್ಣ ಬೆರಳಿಗೆ ಬರುತ್ತದೆ, ಆ ಬೆರಳು ಹಳದಿ ಕಾಗದ ಮುಟ್ಟಿದರೆ ಅಲ್ಲೊಂದು ಕೆಂಪು ಗುರುತು. ಮಗಳ ಒಂದು ಹೆಬ್ಬೆರಳಿನ ಗುರುತು ಒಂದು ಚೌಕದ ನಡುವೆ ಸ್ಪಷ್ಟವಾಗಿ ಮೂಡಿತು. ಬೇರೆ ಕಾಗದ ಹಾಕೋಣವೇ ಎಂದು ಕೇಳಿದರೆ ಅವಳು ಒಪ್ಪಲಿಲ್ಲ, ನನಗೂ ಅದು ಇರಲಿ ಎನಿಸಿತು. ಮೇಲಿನ ಚೌಕವನ್ನು ಬಿಸಿ ಗಾಳಿ ಹೋಗಲು, ಕೆಳಗಿನದನ್ನು ಬಲ್ಬು ಇಳಿಸಲು ತೆರೆದೇ ಬಿಟ್ಟೆವು.

ಮಧ್ಯಾಹ್ನ ಮಳೆ ಬಂತು. ಹಿಂಗಾರಿನ ದಿನಗಳಲ್ಲಿ ಮೈಸೂರಿನ ಗಾಳಿಯಲ್ಲಿ ತೇವ ಇದ್ದೇ ಇರುತ್ತದೆ, ಅಂಟಿಸಿದ ಕಾಗದವೆಲ್ಲ ಜೋತು ಬಿತ್ತು. ಇದಕ್ಕೆ ಅಪ್ಪನಿಂದ ಕಲಿತ ಉಪಾಯವೊಂದಿದೆ. ಅಂಟು ಪೂರ್ತಿ ಒಣಗಿದ ಮೇಲೆ, ಇಸ್ತ್ರಿ ಮಾಡುವಾಗ ಬಳಸುವ ಸ್ಪ್ರೇ ಬಾಟಲಿಯಿಂದ ಮಂಜಿನಷ್ಟು ನವಿರಾಗಿ, ಮೊಳ ದೂರದಿಂದ ನೀರು ಸಿಂಪಡಿಸಬೇಕು. ಹನಿ ಕೂಡಬಾರದು, ಕೂಡಿದರೆ ಬಣ್ಣ ಇಳಿಯುತ್ತದೆ. ತೇವಕ್ಕೆ ಕಾಗದ ಮೊದಲು ಇನ್ನಷ್ಟು ಸಡಿಲವಾಗುತ್ತದೆ, ಆಮೇಲೆ ಒಣಗುತ್ತ ಒಣಗುತ್ತ ನಾರುಗಳು ಕುಗ್ಗಿ ಎಲ್ಲ ಸುಕ್ಕೂ ಮಾಯ. ಫ್ಯಾನಿನ ಕೆಳಗೆ ಒಂದು ಗಂಟೆ ಇಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ಮದ್ದಳೆಯ ಚರ್ಮದಂತೆ ನುಡಿಯಿತು. ಮಗಳು ಸಂಜೆಯವರೆಗೂ ಒಂದೊಂದೇ ಮುಖವನ್ನು ತಟ್ಟಿ ಚೌಕದ ಸದ್ದು ಬೇರೆ, ತ್ರಿಕೋನದ ಸದ್ದು ಬೇರೆ ಎಂದು ಎಲ್ಲರಿಗೂ ಕೇಳಿಸುತ್ತಿದ್ದಳು.

ಬಾಲಕ್ಕೆ ಉಳಿದ ಕಾಗದದ ಪಟ್ಟಿಗಳು ಸಾಕಾದವು. ಹಿಂದೆ ಒಳಗೆ ಹಣತೆ ಇಡುತ್ತಿದ್ದರು. ಕಾಗದದ ಗೂಡಿಗೆ ಬೆಂಕಿಯ ಸಹವಾಸ ಬೇಡವೆಂದು ನಾವು ಹೆಚ್ಚು ಬಿಸಿಯಾಗದ ಪುಟ್ಟ ಎಲ್‌ಇಡಿ ಬಲ್ಬು ಹಾಕಿದೆವು.

ಭಾನುವಾರ ಅಡುಗೆಮನೆ ಅತ್ತೆಯವರ ಕೈಗೆ ಹೋಯಿತು. ಬೆಂಗಳೂರು, ಮೈಸೂರು ಸುತ್ತಿನವರಿಗೆ ಖಾರಾ ಬಿಸ್ಕತ್ತು ಎಂದರೆ ಅಯ್ಯಂಗಾರ್ ಬೇಕರಿ. ಆ ಬೇಕರಿಗಳನ್ನು ಕಟ್ಟಿ ಬೆಳೆಸಿದವರಲ್ಲಿ ಬಹಳ ಮಂದಿ ಹಾಸನ ಜಿಲ್ಲೆಯ ಹಳ್ಳಿಗಳಿಂದ ಹೋದವರು ಎಂಬುದು ಅತ್ತೆಗೆ ಹೆಮ್ಮೆಯ ವಿಷಯ. ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬೆಂಗಳೂರು ಬ್ರದರ್ಸ್ ಬೇಕರಿಯ ಹೆಸರನ್ನು ಅವರು ನೆಂಟರ ಮನೆಯ ಹೆಸರಿನಂತೆ ಹೇಳುತ್ತಾರೆ. ನಮ್ಮ ಮನೆಯಲ್ಲಿ ಓವನ್ ಇಲ್ಲ. ಅತ್ತೆ ಅದು ಬೇಕೆಂದು ಯಾವತ್ತೂ ಕೇಳಿದವರಲ್ಲ. ದಪ್ಪ ತಳದ ಹಳೆಯ ಅಲ್ಯೂಮಿನಿಯಂ ಪಾತ್ರೆ, ಅದರ ತಳದಲ್ಲಿ ಬೆರಳು ಗಾತ್ರ ಕಲ್ಲುಪ್ಪು, ಉಪ್ಪಿನ ಮೇಲೆ ಕುಕ್ಕರಿನ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ತಟ್ಟೆ, ಬಿಗಿಯಾಗಿ ಕೂರುವ ಮುಚ್ಚಳ. ಅವರ ಅಜ್ಜಿ ಉಪ್ಪಿನ ಬದಲು ಮರಳು ಹಾಕಿ, ಮುಚ್ಚಳದ ಮೇಲೂ ಕೆಂಡ ಹರಡುತ್ತಿದ್ದರಂತೆ.

ಅಳತೆ ಹೀಗೆ: ಮೈದಾ 250 ಗ್ರಾಂ, ಬೆಣ್ಣೆ 125 ಗ್ರಾಂ, ಎರಡು ಚಮಚ ಸಕ್ಕರೆ ಪುಡಿ, ರುಚಿಗೆ ಉಪ್ಪು, ಕಾಲು ಟೀ ಚಮಚ ಅಡುಗೆ ಸೋಡಾ, ಎರಡು ಮೂರು ಚಮಚ ಹುಳಿ ಮೊಸರು. ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು, ಕೊತ್ತಂಬರಿ ಸೊಪ್ಪು ಸಣ್ಣಗೆ ಹೆಚ್ಚಿದ್ದು. ಸಕ್ಕರೆಯನ್ನು ಬಿಡಬಾರದು, ಖಾರಾ ಬಿಸ್ಕತ್ತಿಗೆ ಆ ಬೇಕರಿಯ ರುಚಿ ಬರುವುದೇ ಖಾರದ ಹಿಂದೆ ತಡವಾಗಿ ಬರುವ ಸಿಹಿಯಿಂದ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಅಂಗೈಯಲ್ಲಿ ಒತ್ತಿ ಮಜ್ಜಿಗೆಯ ನೀರನ್ನು ಪೂರ್ತಿ ತೆಗೆಯಬೇಕು. ಹೆಚ್ಚಿದ ಸೊಪ್ಪನ್ನೂ ಬಟ್ಟೆಯಲ್ಲಿ ಹಿಂಡಬೇಕು.

ನೀರಿನ ಬಗ್ಗೆ ಇಷ್ಟೊಂದು ಎಚ್ಚರ ಏಕೆ ಎಂದು ಮಗಳು ಕೇಳಿದಳು. ಅತ್ತೆ ಹಿಂದಿನ ದಿನದ ಅಂಟಿನ ಬಟ್ಟಲನ್ನು ತಂದು ಅವಳ ಮುಂದಿಟ್ಟರು. “ನಿನ್ನೆ ಇದೇ ಡಬ್ಬಿಯ ಮೈದಾಕ್ಕೆ ಹೊಟ್ಟೆ ತುಂಬ ನೀರು ಕುಡಿಸಿದೆವು, ಅಂಟಾಯಿತು. ಇವತ್ತು ನೀರು ಕುಡಿಯುವ ಮೊದಲು ಬೆಣ್ಣೆ ತಿನ್ನಿಸುತ್ತೇವೆ, ಆಗ ಗರಿಗರಿಯಾಗುತ್ತದೆ. ನೋಡು ಪುಟ್ಟಿ.” ನಡೆಯುವುದೂ ಹಾಗೆಯೇ. ಬೆಣ್ಣೆ ಹಿಟ್ಟಿನ ಕಣಗಳನ್ನು ಸುತ್ತುವರಿದು ನೀರನ್ನು ದೂರ ಇಡುತ್ತದೆ, ಜಿಗುಟು ಕಟ್ಟುವುದು ತಪ್ಪುತ್ತದೆ. ಅದಕ್ಕೇ ತಣ್ಣನೆಯ ಬೆಣ್ಣೆಯನ್ನು ಮೈದಾಕ್ಕೆ ಬೆರಳ ತುದಿಯಿಂದ ಉಜ್ಜುತ್ತ ಹೋಗಬೇಕು. ಉದುರುದುರಾಗಿರಬೇಕು, ಆದರೆ ಮುಷ್ಟಿ ಕಟ್ಟಿದರೆ ಉಂಡೆಯಾಗಿ ನಿಲ್ಲಬೇಕು. ಆಮೇಲೆ ಮಸಾಲೆ, ಕೊನೆಗೆ ಮೊಸರು. ಹಿಟ್ಟು ಒಂದುಗೂಡಿದ ಕೂಡಲೇ ಕೈ ತೆಗೆಯಬೇಕು. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಬಿಸ್ಕತ್ತು ಹಲ್ಲಿಗೆ ಸವಾಲು.

ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟ ಹಿಟ್ಟನ್ನು ಅರ್ಧ ಸೆಂಟಿಮೀಟರು ದಪ್ಪಕ್ಕೆ ಲಟ್ಟಿಸಿ ಡಬ್ಬಿಯ ಮುಚ್ಚಳದಿಂದ ಬಿಲ್ಲೆ ಕತ್ತರಿಸಿದೆವು. ಫೋರ್ಕಿನಿಂದ ಚುಚ್ಚುವ ಕೆಲಸ ಮಗಳದು. ಆ ತೂತುಗಳಿಂದ ಹಬೆ ಹೊರಗೆ ಹೋಗದಿದ್ದರೆ ಬಿಸ್ಕತ್ತು ನಡುವೆ ಉಬ್ಬುತ್ತದೆ. ಪಾತ್ರೆಯನ್ನು ಮೊದಲೇ ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ, ತಟ್ಟೆ ಇಳಿಸಿ, ಉರಿ ತಗ್ಗಿಸಿ ಮುಚ್ಚಿದರು. ಕುಕ್ಕರಿನಲ್ಲೂ ಮಾಡಬಹುದು, ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತೆಗೆದಿಡುವುದನ್ನು ಮರೆಯಬಾರದು. ಸುಮಾರು ಇಪ್ಪತ್ತು ನಿಮಿಷಕ್ಕೆ ಬೆಣ್ಣೆಯ ವಾಸನೆಯ ಹಿಂದೆ ಕರಿಬೇವಿನ ವಾಸನೆ ಬಂತು. ಓವನ್ನಿನಲ್ಲಿ ಮೇಲಿನಿಂದಲೂ ಶಾಖ ಬೀಳುತ್ತದೆ, ಪಾತ್ರೆಯಲ್ಲಿ ಶಾಖವೆಲ್ಲ ಕೆಳಗಿನಿಂದ. ತಳ ಕೆಂಪಾದರೂ ಮೇಲ್ಭಾಗ ಬಿಳಿಚಿಕೊಂಡೇ ಇರುತ್ತದೆ. ಅಂಚು ಬಣ್ಣಕ್ಕೆ ಬಂದೊಡನೆ ಬಿಲ್ಲೆಗಳನ್ನು ಮಗುಚಿ, ಮುಚ್ಚಳವನ್ನು ಒಂದು ಕಡ್ಡಿ ಸಂದಿನಷ್ಟು ಓರೆ ಮಾಡಿ ಇನ್ನೂ ಐದು ನಿಮಿಷ ಬಿಡಬೇಕು. ಆ ಸಂದಿಯಿಂದ ಉಳಿದ ತೇವ ಹೋಗುತ್ತದೆ. ಬಿಸಿ ಇರುವಾಗ ಬಿಸ್ಕತ್ತು ಮೆತ್ತಗೇ ಇರುತ್ತದೆ, ಬೆಂದಿಲ್ಲವೆಂದು ಮತ್ತೆ ಒಳಗಿಟ್ಟರೆ ಸೀಯುತ್ತದೆ. ಆರಿದ ಮೇಲೆಯೇ ಅದು ಗಟ್ಟಿಯಾಗುವುದು.

ಆರುವ ಹೊತ್ತಿನಲ್ಲಿ ನೆರೆಮನೆಗಳಿಗೆ ಹಂಚಲು ಪೊಟ್ಟಣ ಮಾಡಿದೆವು. ಅತ್ತೆ ಹುಡುಗಿಯಾಗಿದ್ದಾಗ ದಿನಸಿ ಅಂಗಡಿಗೆ ಹಳೆಯ ಪತ್ರಿಕೆಯ ಕವರು ಮಾಡಿಕೊಟ್ಟವರು, ನೂರರ ಕಟ್ಟಿಗೆ ಇಷ್ಟು ಎಂದು. ಪತ್ರಿಕೆಯ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿದು ತೋರಿಸಿದರು, ಗೆರೆ ಎಳೆದಷ್ಟು ನೇರ. ಅಡ್ಡಕ್ಕೆ ಹರಿದರು, ಅಂಕುಡೊಂಕು. ಕಾಗದ ತಯಾರಾಗುವಾಗ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮಲಗುವುದರಿಂದ ಹೀಗೆ. ನಾರಿನ ದಿಕ್ಕಿಗೆ ಮಡಚಿದರೆ ಮಡಿಕೆ ಚೂಪಾಗಿ ಬರುತ್ತದೆ, ಅಡ್ಡಕ್ಕೆ ಮಡಚಿದರೆ ಒರಟಾಗಿ ಬಿರುಕು ಬಿಡುತ್ತದೆ. ಅವರ ಬೆರಳುಗಳು ಎಷ್ಟು ವೇಗವಾಗಿ ಓಡುತ್ತವೆಂದರೆ ತಳ ಮಡಚುವುದನ್ನು ನಿಧಾನವಾಗಿ ತೋರಿಸಿ ಎಂದು ಮಗಳು ಅಂಗಲಾಚಬೇಕಾಯಿತು.

ಆದರೆ ಪತ್ರಿಕೆಯ ಕವರಿನಲ್ಲಿ ತಿಂಡಿ ತುಂಬುವುದು ಬೇಡವೆಂದೆ. ಮುದ್ರಣದ ಶಾಯಿ ಆಹಾರಕ್ಕೆ ಇಳಿಯುತ್ತದೆ, ಎಣ್ಣೆ ಬೆಣ್ಣೆ ಇದ್ದರೆ ಇನ್ನೂ ಬೇಗ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲಿಯೂ 2023ರಲ್ಲಿಯೂ ಈ ಬಗ್ಗೆ ಎಚ್ಚರಿಸಿದೆ. ಅತ್ತೆಗೆ ಮೊದಲು ಸ್ವಲ್ಪ ಬೇಸರವಾಯಿತು, ಆಮೇಲೆ ತಾವೇ ಪುಸ್ತಕಗಳಿಗೆ ಬೈಂಡು ಹಾಕುವ ಕಂದು ಕಾಗದ ತೆಗೆಸಿದರು. ಅದೇ ಮಡಿಕೆ, ಅದೇ ತಳ, ಒಳಗೊಂದು ಪದರ ಬಟರ್ ಪೇಪರ್, ಅಂಚಿಗೆ ಉಳಿದಿದ್ದ ಮೈದಾ ಅಂಟು, ಬಾಯಿಗೆ ದಾರ. ಹೊರಗಡೆ ಮಗಳು ಗೂಡುದೀಪದ ಕೆಂಪು ಕಾಗದದ ಚೂರುಗಳನ್ನು ತ್ರಿಕೋನವಾಗಿ ಅಂಟಿಸಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳೇ ಮನೆಮನೆಗೆ ಹೋಗಿ ಕೊಟ್ಟು ಬಂದಳು. ಎದುರು ಮನೆಯ ಅಜ್ಜ ಬಿಸ್ಕತ್ತು ತಿನ್ನುವ ಮೊದಲು ಪೊಟ್ಟಣವನ್ನೇ ತಿರುಗಿಸಿ ತಿರುಗಿಸಿ ನೋಡಿ, “ಈ ತಳ ಮಡಚುವುದು ಯಾರು ಕಲಿಸಿದರಮ್ಮ?” ಎಂದು ಕೇಳಿದರಂತೆ.

ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಈ ಬಿಸ್ಕತ್ತು ವಾರ, ಹತ್ತು ದಿನ ಚೆನ್ನಾಗಿರುತ್ತದೆ. ಮಳೆಯ ಗಾಳಿಗೆ ಮೆತ್ತಗಾದರೆ ಅದೇ ಪಾತ್ರೆಯಲ್ಲಿ ಐದು ನಿಮಿಷ ಬಿಸಿ ಮಾಡಿ ಆರಲು ಬಿಟ್ಟರೆ ಮತ್ತೆ ಗರಿಗರಿ. ಪಾತ್ರೆಯ ಉಪ್ಪನ್ನು ಎಸೆಯಬೇಡಿ. ಅಡುಗೆಗೆ ಅದು ಬಾರದು, ಬೇಯಿಸಲು ಮಾತ್ರ ಎಷ್ಟು ಸಲ ಬೇಕಾದರೂ ಬರುತ್ತದೆ. ಬೇರೆ ಡಬ್ಬಿಗೆ ತುಂಬಿ ಮೇಲೆ ಚೀಟಿ ಅಂಟಿಸಿಡಿ, ಮನೆಯವರು ಯಾರೂ ಸಾರಿಗೆ ಹಾಕದ ಹಾಗೆ.